ಪಾಯಿಂಟ್ ಇಲ್ಲದ ವಾರ

ಒಲಿಂಪಿಕ್ಸ್‌ಗೆ ಹೋಗುವುದಿಲ್ಲ ಎಂದು ನಾನು ಹೇಳಿದ ಮಧ್ಯಾಹ್ನ ಅಪ್ಪ ನನ್ನ ಕೆನ್ನೆಗೆ ಹೊಡೆದ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಟೆನಿಸ್ ಆಡುವುದೇ ನನ್ನ ಕಸುಬು. ವರ್ಷದ ಒಂಬತ್ತು ತಿಂಗಳು ದೇಶದಿಂದ ದೇಶಕ್ಕೆ ಟೂರ್ನಿಗಳನ್ನು ಆಡುತ್ತಾ ತಿರುಗುತ್ತಿದ್ದೆ. ಆ ವಾರ ಮನೆಗೆ ಬಂದಿದ್ದೆ. ಊಟದ ತಟ್ಟೆ ಮುಂದಿತ್ತು. ಏಟಿನ ರಭಸಕ್ಕೆ ಕಿವಿಯ ರಿಂಗು ಕಳಚಿ ಸಾರಿನ ಬಟ್ಟಲಿಗೆ ಬಿತ್ತು. ಅವ್ವ ಅದನ್ನು ಚಮಚದಿಂದ ಎತ್ತಿ, ನಲ್ಲಿಯಲ್ಲಿ ತೊಳೆದು ನನ್ನ ಪಕ್ಕದಲ್ಲಿಟ್ಟಳು.

"ಇನ್ನೊಮ್ಮೆ ಹೇಳು," ಅಂದ ಅಪ್ಪ.

"ಹೋಗಂಗಿಲ್ಲ."

ಎರಡನೆಯ ಏಟಿಗೆ ಕೈ ಎತ್ತಿದವನ ಮುಂದೆ ಅವ್ವ ಬಂದು ನಿಂತಳು. "ಆಕೀ ಭುಜ ಮದ್ಲ ನೋಯಾಕತ್ತೈತಿ. ಮಾತಾಡೋದಿದ್ರ ಬಾಯಿಲೆ ಮಾತಾಡ್ರಿ." ಅಪ್ಪ ತಟ್ಟೆಯನ್ನು ಗೋಡೆಗೆ ಎಸೆದು ಹೊರಗೆ ಹೋದ. ಅನ್ನ ಗೋಡೆಗೆ ಅಂಟಿಕೊಂಡು, ಒಂದೊಂದೇ ಅಗುಳಾಗಿ ಜಾರತೊಡಗಿತು.

ಅಪ್ಪ ಲಿಂಗಸುಗೂರು ಕಡೆಯವನು. ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಇಡೀ ಪ್ರಾಯ ಕಳೆದು, ನಿವೃತ್ತನಾದ ಮೇಲೆ ಮೆಹದಿಪಟ್ಟಣಂನ ಒಂದು ಗಲ್ಲಿಯಲ್ಲಿ ಎರಡನೆಯ ಮಹಡಿಯ ಫ್ಲ್ಯಾಟು ಕೊಂಡಿದ್ದ. ನಾನು ಆಟ ಕಲಿತದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಲ್ಲಿನ ಕೋರ್ಟು ಅಧಿಕಾರಿಗಳದ್ದು. ಅವರು ಬರುವ ಮೊದಲೇ, ಬೆಳಕು ಹರಿಯುತ್ತಿದ್ದಂತೆ, ಅಪ್ಪ ನನ್ನನ್ನು ಅಲ್ಲಿಗೆ ಎಳೆದೊಯ್ಯುತ್ತಿದ್ದ. ನೆಟ್ಟಿನ ಹತ್ತಿರ ನಿಲ್ಲಿಸಿ, ನಾಲ್ಕೇ ಹೆಜ್ಜೆ ದೂರದಿಂದ ನನ್ನ ಮುಖಕ್ಕೆ ಚೆಂಡು ಬಾರಿಸುತ್ತಿದ್ದ. ಕಣ್ಣು ಮುಚ್ಚಿದರೆ ರಾಕೆಟ್ಟಿನ ಅಂಚಿನಿಂದ ಮೀನಖಂಡಕ್ಕೆ ಒಂದು ಪೆಟ್ಟು. "ನೀ ಕಣ್ಣ ಮುಚ್ಚಿದ್ರ ಚೆಂಡು ಬರೋದು ಬಿಡತೈತೇನು?" ಶಾಲೆಯಲ್ಲಿ ಕಾಲಿನ ಬಾಸುಂಡೆ ಕಾಣದಂತೆ ಬೇಸಿಗೆಯಲ್ಲೂ ಉದ್ದನೆಯ ಸಾಕ್ಸ್ ಹಾಕಿಕೊಳ್ಳುತ್ತಿದ್ದೆ. ನೆಟ್ಟಿನ ಮುಂದೆ ಯಾರ ಹೊಡೆತಕ್ಕೂ ಕದಲದೆ ನಿಲ್ಲುವುದು ನನಗೆ ಬಂದದ್ದು ಹೀಗೆ. ಡಬಲ್ಸ್ ಆಟಗಾರ್ತಿಯಾದದ್ದೂ ಅದರಿಂದಲೇ.

ಅಷ್ಟೆಲ್ಲ ಹೊಡೆದು ಕಲಿಸಿದವನಿಗೆ ವೃತ್ತಿಪರ ಟೆನಿಸ್ ಅಂದರೇನು ಎನ್ನುವುದು ಮಾತ್ರ ಕೊನೆಗೂ ಗೊತ್ತಾಗಲಿಲ್ಲ. ಒಮ್ಮೆ ಪ್ಯಾರಿಸ್ಸಿನಲ್ಲಿ ಕ್ವಾರ್ಟರ್ ಫೈನಲ್ ಮುಟ್ಟಿದ ಖುಷಿಗೆ ಕೋರ್ಟಿನ ಪಕ್ಕದಿಂದಲೇ ಫೋನ್ ಮಾಡಿದ್ದೆ. "ಆತು, ಛಲೋ ಆತು. ಒಲಿಂಪಿಕ್ಸ್ ಯಾವಾಗ?" ಎಂದು ಕೇಳಿದ. ಅವನು ಕೆಲಸ ಮಾಡಿದ ಶೆಡ್ಡಿನ ಗೋಡೆಯ ಮೇಲೆ ದೇಶಕ್ಕಾಗಿ ಎಂದು ದೊಡ್ಡದಾಗಿ ಬರೆದಿತ್ತಂತೆ. ಮಗಳೂ ದೇಶಕ್ಕಾಗಿ ಏನಾದರೂ ಮಾಡಿದರೆ ಮಾತ್ರ ಅದು ಅವನ ಲೆಕ್ಕಕ್ಕೆ ಬರುತ್ತಿತ್ತು.

ನಮ್ಮ ಲಾಕರ್ ರೂಮಿನಲ್ಲಿ ಒಲಿಂಪಿಕ್ಸ್ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತು. ಅದರಲ್ಲಿ ಗೆದ್ದರೂ ರ‍್ಯಾಂಕಿಂಗ್ ಪಾಯಿಂಟ್ ಸಿಗುವುದಿಲ್ಲ, ಬಹುಮಾನದ ಹಣವೂ ಇರುವುದಿಲ್ಲ. ಅದು ಮುಗಿಯುತ್ತಿದ್ದಂತೆ ಅಮೆರಿಕದ ಹಾರ್ಡ್ ಕೋರ್ಟ್ ಟೂರ್ನಿಗಳು ಶುರು. ಹಾಗಾಗಿ ಕೆಲವರು ಮೊಣಕಾಲಿಗೆ ವಿಶ್ರಾಂತಿ ಬೇಕು ಎಂದು ಮೊದಲೇ ಹಿಂದೆ ಸರಿಯುತ್ತಿದ್ದರು. "ನನ್ನ ದೇಶದವರಿಗೆ ನನ್ನ ನೆನಪು ನಾಲ್ಕು ವರ್ಷಕ್ಕೊಮ್ಮೆ ಆಗುತ್ತದೆ," ಎಂದು ಒಬ್ಬಳು ಶೂ ಕಟ್ಟಿಕೊಳ್ಳುತ್ತಾ ಉಗುಳಿದಂತೆ ಹೇಳಿದ್ದಳು. ಇನ್ನೊಬ್ಬಳು ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲೇ ಸೋತವಳು, ತೊಡೆಯ ಮೇಲೆ ಒಲಿಂಪಿಕ್ಸ್ ಲಾಂಛನದ ಐದು ಬಳೆಗಳ ಹಚ್ಚೆ ಹಾಕಿಸಿಕೊಂಡು ಅದನ್ನು ಎಲ್ಲರಿಗೂ ತೋರಿಸುತ್ತಿದ್ದಳು. ನಾಲ್ಕು ವರ್ಷದಿಂದ ನನ್ನ ಜೊತೆಗಾತಿಯಾಗಿದ್ದ ಯುರೋಪಿನ ಆಟಗಾರ್ತಿ ನೇರ ಮಾತಿನವಳು. "ಹೋಗಬೇಕು ಅನ್ನಿಸಿದರೆ ಹೋಗು. ಅಲ್ಲಿ ನಿನ್ನ ಭುಜ ಕೆಟ್ಟರೆ ಅಮೆರಿಕದಲ್ಲಿ ನಾನು ಬೇರೆಯವಳ ಜೊತೆ ಆಡುತ್ತೇನೆ. ಕೋಪ ಮಾಡಿಕೊಳ್ಳಬೇಡ," ಎಂದಳು. ನನಗೆ ಕೋಪ ಬರಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ನನ್ನ ಬಲಭುಜದಲ್ಲಿ ಒಂದು ಸ್ನಾಯು ಅರ್ಧ ಹರಿದಿತ್ತು. ಚುಚ್ಚುಮದ್ದು ಹಾಕಿಸಿಕೊಂಡು ಆಡುತ್ತಿದ್ದೆ. ಇನ್ನೊಂದು ದೊಡ್ಡ ಟೂರ್ನಿಯ ಮಟ್ಟಿಗೆ ಅದು ತಡೆಯುತ್ತದೆ, ಆಮೇಲೆ ಶಸ್ತ್ರಚಿಕಿತ್ಸೆ ಮಾಡಲೇಬೇಕು ಎಂದು ಡಾಕ್ಟರು ಹೇಳಿದ್ದರು. ಆ ಒಂದನ್ನು ಎಲ್ಲಿ ಆಡಬೇಕು ಎನ್ನುವುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ಒಲಿಂಪಿಕ್ಸ್‌ನಲ್ಲಿ ಜೋಡಿಯ ಇಬ್ಬರೂ ಒಂದೇ ದೇಶದವರಾಗಿರಬೇಕು. ಅಲ್ಲಿಗೆ ನನ್ನ ಜೊತೆ ಹೋಗಬೇಕಾದವಳು ಹೈದರಾಬಾದಿನವಳೇ, ತೆಲುಗು ಮನೆಯವಳು. ಹದಿನಾರನೇ ವಯಸ್ಸಿನ ಒಂದು ಶಿಬಿರದಲ್ಲಿ ಅವಳ ಸ್ಮ್ಯಾಶ್ ನನ್ನ ಎಡಗಿವಿಗೆ ಬಡಿದು ತಮಟೆ ಹರಿದಿತ್ತು. ನಾನು ಎದ್ದು ಹೋಗಿ ಅವಳ ಮೂಗಿಗೆ ಗುದ್ದಿದ್ದೆ. ಇಬ್ಬರ ಬಿಳಿ ಬಟ್ಟೆಯೂ ಕೆಂಪಾಗಿತ್ತು. ಅಲ್ಲಿಂದ ಮುಂದೆ ಬೇಕಾದಷ್ಟೇ ಮಾತು. ಒಲಿಂಪಿಕ್ಸ್‌ಗೆ ಮೊದಲು ಒಮ್ಮೆ ಒಟ್ಟಿಗೆ ಆಡಿ ನೋಡೋಣ ಎಂದು ಇಬ್ಬರು ಹುಡುಗರ ಎದುರು ಅಭ್ಯಾಸಕ್ಕೆ ಇಳಿದೆವು. ತಲೆಯ ಮೇಲೆ ಹೋಗುವ ಚೆಂಡಿಗೆ ನನ್ನ ಕೈ ಏಳುತ್ತಿರಲಿಲ್ಲ. ಮೂರನೆಯ ಬಾರಿ ಬಿಟ್ಟಾಗ ಅವಳು ಹಿಂದಿನಿಂದ ಬೇಕೆಂದೇ ನನ್ನ ಬೆನ್ನಿಗೆ ಚೆಂಡು ಬಾರಿಸಿದಳು. ಉಸಿರು ಕಟ್ಟಿ ಬಗ್ಗಿ ಕುಳಿತೆ. ಎದ್ದು ತಿರುಗಿ ನನ್ನ ರಾಕೆಟ್ಟನ್ನು ಅವಳ ಕಡೆ ಎಸೆದೆ. ಅದು ಅವಳ ಪಕ್ಕದ ಕಬ್ಬಿಣದ ಜಾಲರಿಗೆ ಹೊಡೆದು ಬಾಗಿತು.

ಅವಳು ಬೆದರಲಿಲ್ಲ. ಹತ್ತಿರ ಬಂದು ನನ್ನ ಕಾಲರ್ ಹಿಡಿದಳು. "ನೋವು ನಿನಗೊಬ್ಬಳಿಗೇ ಇದೆಯಾ? ನನ್ನೊಬ್ಬಳ ರ‍್ಯಾಂಕಿಂಗಿಗೆ ಅಲ್ಲಿ ಜಾಗ ಸಿಗುವುದಿಲ್ಲ. ನೀನು ಬಂದರೆ ಮಾತ್ರ ನಾನು ಹೋಗಬಹುದು. ಚಿಕ್ಕಂದಿನಿಂದ ಇದೊಂದನ್ನೇ ಬಯಸಿದ್ದೇನೆ ನಾನು," ಎಂದು ಹಿಂದಿಯಲ್ಲಿ ಹೇಳಿದಳು. ಕಣ್ಣು ಕೆಂಪಾಗಿತ್ತು. ನಾನು ಅವಳ ಕೈ ಕಿತ್ತು, ಚೀಲ ಎತ್ತಿಕೊಂಡು ಬಂದುಬಿಟ್ಟೆ. ಆ ಸಂಜೆಯೇ ನಿರ್ಧಾರ ಮಾಡಿದೆ. ಮರುದಿನ ಮಧ್ಯಾಹ್ನ ಅಪ್ಪನಿಗೆ ಹೇಳಿದೆ.

ಒಂದು ಟೀವಿ ಚಾನೆಲ್ಲಿನವರು ಫೋನ್ ಮಾಡಿದಾಗ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ: ಭುಜದ ವಿಷಯ, ಡಾಕ್ಟರ ಮಾತು, ಆ ವಾರಕ್ಕೆ ಪಾಯಿಂಟ್ ಇಲ್ಲದಿರುವುದು, ಎಲ್ಲವನ್ನೂ. ಅವರು ಕೊನೆಯದನ್ನು ಮಾತ್ರ ಇಟ್ಟುಕೊಂಡರು. ಇಡೀ ದಿನ ನನ್ನದೇ ದನಿ ಟೀವಿಯಲ್ಲಿ ‘ಪಾಯಿಂಟ್ ಇಲ್ಲ’ ಎನ್ನುತ್ತಿತ್ತು. ಕೆಳಗೆ ದೊಡ್ಡ ಅಕ್ಷರದಲ್ಲಿ, ದೇಶ ದೊಡ್ಡದೋ ಪಾಯಿಂಟ್ ದೊಡ್ಡದೋ ಎಂಬ ಪ್ರಶ್ನೆ. ಫೋನಿಗೆ ಬಂದ ಬೈಗುಳಗಳಲ್ಲಿ ಆಟದ ಮಾತೇ ಇರಲಿಲ್ಲ. ನನ್ನ ಮೈಗೆ ಏನೇನು ಮಾಡಬೇಕು ಎಂದು ಬರೆದಿದ್ದರು. ಅವ್ವನಿಗೆ ಓದಲು ಬರದ ಭಾಷೆಯಲ್ಲಿದ್ದುದು ಪುಣ್ಯ.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅವರು ಬಂದರು. ನಾನು ಹೆಸರೂ ಕೇಳಿರದ ಯಾವುದೋ ಸಂಘಟನೆಯವರು. ಎರಡು ಟ್ರಾಲಿ ಆಟೋಗಳಲ್ಲಿ ಬಂದಿಳಿದು ಗೇಟಿನ ಮುಂದೆ ಸಾಲಾಗಿ ನಿಂತರು. ಹುಲ್ಲು ತುಂಬಿದ ಗೊಂಬೆಯೊಂದಕ್ಕೆ ಬಿಳಿ ಸ್ಕರ್ಟು ತೊಡಿಸಿ, ಕೈಗೆ ಪ್ಲಾಸ್ಟಿಕ್ ಬ್ಯಾಟು ಕಟ್ಟಿದ್ದರು. ಮುಖಕ್ಕೆ ನನ್ನ ಫೋಟೊ. ಮೊದಲು ಚಪ್ಪಲಿಯಿಂದ ಹೊಡೆದರು. ಆಮೇಲೆ ಒಬ್ಬ ಬಾಟಲಿಯಿಂದ ಪೆಟ್ರೋಲು ಸುರಿದ. ಸ್ಕರ್ಟಿಗೆ ಬೆಂಕಿ ಹತ್ತಿದಾಗ ಶಿಳ್ಳೆ ಬಿತ್ತು. ಬಾಲ್ಕನಿಯ ಪರದೆಯ ಹಿಂದೆ ನಿಂತು ನನ್ನ ಮುಖ ಸುರುಟಿಕೊಳ್ಳುವುದನ್ನು ನೋಡಿದೆ. "ಬಯಟಿಕಿ ರಾ!" ಎಂದು ಕೂಗುತ್ತಿದ್ದರು. ಹೊರಗೆ ಬಾ ಎಂದು.

ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದ ಅಪ್ಪ ಬಾಲ್ಕನಿಗೆ ಹೋದ. ಎರಡೂ ಕೈ ಎತ್ತಿ, ತನಗೆ ಬರುವ ಹಿಂದಿಯಲ್ಲಿ, "ಮಗಳಿಗೆ ಭುಜದ ನೋವಿದೆ, ಕೇಳಿ ಇಲ್ಲಿ," ಎಂದು ಶುರುಮಾಡಿದ. ಮಾತು ಮುಗಿಯುವ ಮೊದಲೇ ಕಲ್ಲು ಬಂತು. ಒಂದು ಕಿಟಕಿಯ ಗಾಜಿಗೆ, ಇನ್ನೊಂದು ಅವನ ಹಣೆಗೆ. ಅಪ್ಪ ಹಿಂದಕ್ಕೆ ವಾಲಿ ಗೋಡೆ ಹಿಡಿದುಕೊಂಡ. ರಕ್ತ ಹುಬ್ಬಿನ ಮೇಲಿಂದ ಕಣ್ಣಿಗಿಳಿಯಿತು.

"ಒಳಗ ಬರ್ರಿ! ಪೊಲೀಸರಿಗೆ ಫೋನ್ ಮಾಡೀನಿ!" ಅವ್ವ ಚೀರಿದಳು.

ಅವನು ಒಳಗೆ ಬಂದ. ಆದರೆ ನಿಲ್ಲಲಿಲ್ಲ. ಬಾಗಿಲ ಪಕ್ಕ ಇದ್ದ ನನ್ನ ಕಿಟ್ಟಿನಿಂದ ಒಂದು ರಾಕೆಟ್ ಎಳೆದುಕೊಂಡು ಮೆಟ್ಟಿಲು ಇಳಿದ. ನಾನು ಬರಿಗಾಲಲ್ಲಿ ಹಿಂದೆ ಓಡಿದೆ. ಗೇಟಿನ ಚಿಲಕ ತೆಗೆದವನೇ ಎದುರಿಗೆ ಯಾರಿದ್ದಾರೆ ಎಂದೂ ನೋಡದೆ ಬೀಸಿದ. ಎದುರಿಗಿದ್ದವನು ಒಬ್ಬ ಸಣಕಲು ಮನುಷ್ಯ, ನನ್ನ ವಯಸ್ಸಿನವನು, ಎರಡೂ ಕೈಯಲ್ಲಿ ಫ್ಲೆಕ್ಸಿನ ಕೋಲು ಹಿಡಿದು ನಿಂತಿದ್ದವನು. ಮುಖ ಉಳಿಸಿಕೊಳ್ಳಲು ಕೈ ಅಡ್ಡ ಹಿಡಿದ. ರಾಕೆಟ್ಟಿನ ಚೌಕಟ್ಟು ಅವನ ಮುಂಗೈಗೆ ಬಡಿಯಿತು. ಇಡೀ ಬದುಕು ರಾಕೆಟ್ಟಿನ ಸದ್ದು ಕೇಳಿದವಳು ನಾನು. ಇದು ಹಸಿ ಕೊಂಬೆ ಮುರಿದ ಸದ್ದು.

"ಯವ್ವಾ, ಸತ್ನೆವ್ವೋ!" ಎಂದು ಅವನು ಕೂಗಿದ.

ಅಪ್ಪನಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಬೀಸಲು ರಾಕೆಟ್ಟನ್ನು ಹಿಂದಕ್ಕೆ ತಂದ. ನಾನು ಅವನ ಸೊಂಟ ಹಿಡಿದು ಎಳೆಯಲು ಹೋದೆ. ಹಿಂದಕ್ಕೆ ಬಂದ ರಾಕೆಟ್ಟು ಪೂರ್ತಿ ಬಲದಿಂದ ನನ್ನ ಬಲಭುಜಕ್ಕೆ ಹೊಡೆಯಿತು. ಒಳಗೆ ಏನೋ ಹರಿದು ಕೆಳಕ್ಕೆ ಜಾರಿದ ಹಾಗಾಯಿತು. ಕೈ ನನ್ನದಲ್ಲದ ಹಾಗೆ ನೇತಾಡಿತು. ಬೀದಿಯಲ್ಲಿ ಮಂಡಿಯೂರಿ ಕುಳಿತೆ.

"ಯಪ್ಪಾ, ಹೊಡಿಬ್ಯಾಡ್ರಿ. ನಾ ಕಲ್ಲ ಒಗದಿಲ್ರಿ. ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಆ ಮನುಷ್ಯ ನೆಲದಲ್ಲಿ ಹೊರಳುತ್ತಾ ಅಳುತ್ತಿದ್ದ. ಈ ಬಾರಿ ಅಪ್ಪನಿಗೆ ಕೇಳಿತು. ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಅದು ಅವನ ಊರಿನ ಮಾತು. ಅವನು ಹಾಗೆ ನಿಂತದ್ದನ್ನೇ ಕಾಯುತ್ತಿದ್ದವರಂತೆ ಉಳಿದವರು ಮೇಲೆ ಬಿದ್ದರು. ಕೆಳಗೆ ಕೆಡವಿ ಪಕ್ಕೆಗೆ, ಬೆನ್ನಿಗೆ, ಮುಖಕ್ಕೆ ಒದ್ದರು. ಎಡಗೈಯಲ್ಲಿ ಸಿಕ್ಕವರ ಕಾಲು ಹಿಡಿದು ಕಚ್ಚಿದೆ. ಬಾಯಿಗೆ ಧೂಳು, ಯಾರದೋ ಬೆವರು. ಪಕ್ಕದ ಕಟ್ಟಡದ ಹೆಂಗಸರು ಮೇಲಿಂದ ಬಕೆಟ್ಟುಗಟ್ಟಲೆ ನೀರು ಸುರಿದರು, ಹೂಕುಂಡ ಎಸೆದರು. ಪೊಲೀಸ್ ಜೀಪಿನ ಸದ್ದಿಗೆ ಗುಂಪು ಚದುರಿತು. ಅವರನ್ನು ಕರೆತಂದ ನಾಯಕ ಎಲ್ಲರಿಗಿಂತ ಮೊದಲು ಓಡಿದ.

ಗಲ್ಲಿಯಲ್ಲಿ ನಾವು ಮೂವರು ಉಳಿದೆವು, ನೆಲದ ಮೇಲೆ, ಮೂರೂ ಜನ ಕನ್ನಡದಲ್ಲಿ ನರಳುತ್ತಾ.

ಒಂದೇ ಸರ್ಕಾರಿ ಆಸ್ಪತ್ರೆಗೆ ಒಯ್ದರು. ಅಪ್ಪನಿಗೆ ಹಣೆಯಲ್ಲಿ ಹೊಲಿಗೆ, ಪಕ್ಕೆಲುಬು ಬಿರುಕು. ನನ್ನ ಸ್ನಾಯು ಪೂರ್ತಿ ಹರಿದಿತ್ತು. ಒಲಿಂಪಿಕ್ಸೂ ಇಲ್ಲ, ಅಮೆರಿಕವೂ ಇಲ್ಲ. ಡಾಕ್ಟರು ಅದನ್ನು ಹೇಳುವಾಗ ಅಪ್ಪ ಪಕ್ಕದ ಸ್ಟೂಲಿನಲ್ಲಿ ಕುಳಿತಿದ್ದ. ನೆಲ ನೋಡುತ್ತಿದ್ದ. ನನಗೆ ಅವನ ತಲೆ ಹಿಡಿದು ಗೋಡೆಗೆ ಚಚ್ಚಬೇಕು ಅನ್ನಿಸಿತು. ಎಡಗೈ ಮುಷ್ಟಿ ಕಟ್ಟಿತ್ತು. ಅವನು ಅದನ್ನು ನೋಡಿದ.

"ಹೊಡಿ," ಅಂದ. "ಹೊಡಿಯವಾ."

ಹೊಡೆಯಲಿಲ್ಲ. ಹೊಡೆದರೆ ಅವನಿಗೆ ಹಗುರಾಗುತ್ತಿತ್ತು. ಅದು ನನಗೆ ಬೇಡವಾಗಿತ್ತು.

ಕೈ ಮುರಿದ ಮನುಷ್ಯ ಗಂಡಸರ ವಾರ್ಡಿನಲ್ಲಿದ್ದ. ಮರುದಿನ ಅಪ್ಪ ನೋಡಲು ಹೊರಟ. ಅವನೇನು ಮಾಡುತ್ತಾನೋ ಎಂಬ ಭಯಕ್ಕೆ ನಾನೂ ಹಿಂದೆ ಹೋದೆ. ಮಂಚದ ಪಕ್ಕ ಅವನ ಹೆಂಡತಿ ಕುಳಿತಿದ್ದಳು. ಕಟ್ಟಡದ ಕೆಲಸದವಳು, ಕಾಲಿಗೆ ಸಿಮೆಂಟು ಹತ್ತಿತ್ತು. ಅಪ್ಪನ ಹಣೆಯ ಪಟ್ಟಿ ನೋಡಿದೊಡನೆ ಯಾರೆಂದು ಗೊತ್ತಾಯಿತು. ಎದ್ದವಳೇ ಅವನ ಅಂಗಿ ಹಿಡಿದಳು.

"ನೀನೇ ಏನೋ ನನ್ ಗಂಡನ ಕೈ ಮುರದಾಂವ? ಇಟ್ಟಂಗಿ ಹೊರೋ ಕೈ ಅದು! ಇನ್ನ ನೀ ಬಂದು ಹೊರ್ತೀಯೇನೋ?"

ಕಾಲಿನ ಚಪ್ಪಲಿ ತೆಗೆದು ಅವನ ಕೆನ್ನೆಗೆ, ಕುತ್ತಿಗೆಗೆ ಹೊಡೆದಳು. ಅಪ್ಪ ಕೈ ಅಡ್ಡ ಹಿಡಿಯಲಿಲ್ಲ. ನರ್ಸ್ ಓಡಿಬಂದು ಬಿಡಿಸಿದರು. ಆ ಹೆಣ್ಣುಮಗಳು ಏದುಸಿರು ಬಿಡುತ್ತಾ ಕುಳಿತು, ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ತಪ್ಪಾತು ತಂಗಿ," ಎಂದ ಅಪ್ಪ. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಅವಳು ಸೆರಗು ಸರಿಸಿ ದಿಟ್ಟಿಸಿದಳು. "ಯಾವೂರು ನಿಮ್ದು?"

"ಲಿಂಗಸುಗೂರು ಕಡೆ. ನಿಮ್ದು?"

"ಮಾನ್ವಿ." ಹೇಳಿದ ಮೇಲೆ ಅವಳ ಸಿಟ್ಟು ಇನ್ನೂ ಹೆಚ್ಚಿತು. "ನಮ್ಮ ಕಡ್ಯಾಂವ ಆಗಿ ಹಿಂಗ ಬಡಿತೀರೇನು?"

ಮಂಚದ ಮೇಲಿದ್ದವನು ಮೆಲ್ಲಗೆ ಹೇಳಿದ: "ಆತನದೇನ್ ತಪ್ಪೈತಿ ಬಿಡ. ಹೋಗಿ ನಿಂತಾಂವ ನಾನ." ಬೆಳಿಗ್ಗೆ ಕೂಲಿಗಾಗಿ ಜನ ನಿಲ್ಲುವ ಚೌಕದಲ್ಲಿ ಅವನೂ ನಿಂತಿದ್ದನಂತೆ. ಭಾನುವಾರ ಕೆಲಸ ಕಡಿಮೆ. ಒಬ್ಬ ಬಂದು, ಗಾಡಿ ಹತ್ತಿ, ಬರೀ ಕೂಗುವ ಕೆಲಸ, ಮಧ್ಯಾಹ್ನ ಬಿರಿಯಾನಿ ಎಂದನಂತೆ.

"ಏನಂತ ಕೂಗಿದಿ?" ಅಪ್ಪ ಕೇಳಿದ.

"ಅವ್ರು ಅಂದಂಗ ಅಂದ್ವಿರಿ. ಯಾರೋ ಲಂಚ ತಿಂದಾಕಿ ಇರಬೇಕು ಅನ್ಕೊಂಡಿದ್ದೆ." ನನ್ನ ಕಡೆ ನೋಡಿ ಸಂಕೋಚದಿಂದ, "ಅಕ್ಕಾರು ಏನ್ ಮಾಡ್ಯಾರ್ರಿ?" ಎಂದ.

"ಏನೂ ಮಾಡಿಲ್ಲ. ಟೆನಿಸ್ ಆಡ್ತೀನಿ," ಎಂದೆ.

"ಅದಕ್ಕ್ಯಾಕ ಸುಡಬೇಕ್ರಿ?" ಎಂದ ಅವನು.

ಅಂದಿನಿಂದ ಅವ್ವ ದಿನವೂ ರೊಟ್ಟಿ, ಪುಂಡಿಪಲ್ಯ ಕಟ್ಟಿ ಕೊಡುತ್ತಿದ್ದಳು, ಅಪ್ಪ ಒಯ್ಯುತ್ತಿದ್ದ. ಹೆಂಡತಿ ತೆಗೆದುಕೊಳ್ಳುತ್ತಿದ್ದಳು, ಮಾತಾಡುತ್ತಿರಲಿಲ್ಲ. ಠಾಣೆಯಲ್ಲಿ ಅಪ್ಪ, ‘ಹೊಡೆದದ್ದು ನಾನೇ’ ಎಂದು ಒಪ್ಪಿಕೊಂಡ. ಕೊನೆಗೆ ಎರಡೂ ಕಡೆಯವರು ರಾಜಿಯಾದೆವು. ಕಲ್ಲು ಎಸೆದವನು ಯಾರು ಎನ್ನುವುದು ಇವತ್ತಿಗೂ ಗೊತ್ತಿಲ್ಲ.

ನಾನು ಗಾಯಗೊಂಡಿದ್ದೇನೆ ಎಂಬ ಸುದ್ದಿ ಹರಡಿದ ಮೇಲೆ ಟೀವಿಯವರ ದನಿ ಮೆತ್ತಗಾಯಿತು. ನಮ್ಮ ಓಣಿಯ ಮುಖಂಡರೊಬ್ಬರು ಶಾಲು ಹಿಡಿದು ಮನೆಗೆ ಬಂದರು, ದೇಶಕ್ಕಾಗಿ ಆಡುವ ಭಾಗ್ಯ ತಪ್ಪಿತಲ್ಲ ಎಂದು ಮರುಗಿದರು. ಅವ್ವ ಒಡೆದ ಕಿಟಕಿಯನ್ನು ತೋರಿಸಿ, "ಶಾಲ್ ಬ್ಯಾಡ್ರಿ, ಗಾಜ್ ಹಾಕಿಸ್ರಿ," ಎಂದಳು. ಅವರು ಚಹಾ ಕುಡಿಯದೆ ಎದ್ದು ಹೋದರು.

ಬೇರೆ ದೇಶಗಳ ಎಷ್ಟೋ ಜೋಡಿಗಳು ಹಿಂದೆ ಸರಿದದ್ದರಿಂದ ನನ್ನ ಹಳೆಯ ವೈರಿಗೆ, ಆ ತೆಲುಗು ಮನೆಯವಳಿಗೆ, ಇನ್ನೊಬ್ಬಳ ಜೊತೆ ಒಲಿಂಪಿಕ್ಸ್‌ನಲ್ಲಿ ಜಾಗ ಸಿಕ್ಕಿತು. ಅವರ ಪಂದ್ಯದ ದಿನ ನಾನು ಕೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಟೀವಿ ಮುಂದೆ ಕುಳಿತೆ. ಅಪ್ಪ ಕುರ್ಚಿಯ ತುದಿಯಲ್ಲಿದ್ದ. ಎದುರು ಜೋಡಿ ನಿರ್ದಯವಾಗಿ ಆಡಿತು. ನೆಟ್ಟಿನ ಹತ್ತಿರ ಇವಳ ಎದೆಗೆ, ತೊಡೆಗೆ ಗುರಿಯಿಟ್ಟು ಹೊಡೆದರು. ಒಂದು ಚೆಂಡು ಗಂಟಲಿಗೆ ಬಡಿದು ಇವಳು ಬಿದ್ದಳು. ಅಪ್ಪ ಎದ್ದು ನಿಂತ.

"ಇದನ್ನ ಗೆದ್ರ ಎಷ್ಟು ಪಾಯಿಂಟ್?" ಎಂದು ಕೇಳಿದ. ಇಷ್ಟು ವರ್ಷದಲ್ಲಿ ಪಾಯಿಂಟ್ ಬಗ್ಗೆ ಅವನು ಕೇಳಿದ್ದು ಅದೇ ಮೊದಲು.

"ಏನೂ ಇಲ್ಲ."

"ಏನೂ ಇಲ್ಲ?"

"ಅದನ್ನೇ ನಾ ಅವತ್ತು ಟೀವಿಯವರಿಗೆ ಹೇಳಿದ್ದು."

ಅವನು ಕುಳಿತುಕೊಂಡ. ಪಂದ್ಯ ಬೇಗ ಮುಗಿಯಿತು, ಸೋತರು. ಇವಳು ಬೆಂಚಿನ ಮೇಲೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಮೂಗಿಗೆ ಗುದ್ದಿಸಿಕೊಂಡಾಗಲೂ ಅಳದವಳು. ಭುಜಗಳು ಅಲುಗುತ್ತಲೇ ಇದ್ದವು. ಕ್ಯಾಮೆರಾ ಬೇರೆ ಕಡೆ ಹೋಗಲಿಲ್ಲ.

ನನಗೆ ಶಸ್ತ್ರಚಿಕಿತ್ಸೆ ಆಯಿತು. ಯುರೋಪಿನ ಜೊತೆಗಾತಿ ತಾನು ಹೇಳಿದ ಹಾಗೆಯೇ ಬೇರೆಯವಳ ಜೊತೆ ಆಡಿದಳು, ಅಮೆರಿಕದಲ್ಲಿ ಸೆಮಿಫೈನಲ್ ಮುಟ್ಟಿದಳು. ನಾನು ವರ್ಷದ ನಂತರ ಅಂಗಳಕ್ಕೆ ಮರಳಿದರೂ ಸರ್ವಿನಲ್ಲಿ ಹಳೆಯ ಕಸುವು ಬರಲಿಲ್ಲ. ಸಣ್ಣ ಟೂರ್ನಿಗಳಲ್ಲಿ ಒಂದಷ್ಟು ಕಾಲ ಆಡಿ ನಿಲ್ಲಿಸಿದೆ. ಮಾನ್ವಿಯವನ ಕೈ ಕೂಡಿತು, ಸ್ವಲ್ಪ ಸೊಟ್ಟಗೆ. ಇಟ್ಟಿಗೆ ಹೊರಲು ಆಗುತ್ತಿರಲಿಲ್ಲ. ಅಪ್ಪ ಹಳೆಯ ಸಹೋದ್ಯೋಗಿಯೊಬ್ಬನಿಗೆ ಹೇಳಿ ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯ ಗೇಟಿನಲ್ಲಿ ಕೆಲಸ ಕೊಡಿಸಿದ. ಅಲ್ಲಿನ ವಾಸನೆಗೆ ಹೆಂಡತಿಗೆ ಉಬ್ಬಸ ಶುರುವಾಗಿ ಕೆಲವು ತಿಂಗಳಲ್ಲೇ ಊರಿಗೆ ಹೊರಟರು. ಹೋಗುವಾಗ ಅವನೊಬ್ಬನೇ ಮನೆಗೆ ಬಂದು ಹೇಳಿ ಹೋದ. ಹೆಂಡತಿ ಬಸ್‌ಸ್ಟ್ಯಾಂಡಿನಲ್ಲೇ ಉಳಿದಳು.

ಇದೆಲ್ಲಕ್ಕೂ ಮೊದಲೇ, ಒಲಿಂಪಿಕ್ಸ್‌ನಿಂದ ಮರಳಿದ ವಾರದಲ್ಲೇ ಅವಳು, ನನ್ನ ಹಳೆಯ ವೈರಿ, ಒಂದು ಸಂಜೆ ಹೇಳದೆ ಕೇಳದೆ ಬಂದಳು. ಗಂಟಲಲ್ಲಿ ಇನ್ನೂ ಹಳದಿಗಟ್ಟಿದ ಗುರುತಿತ್ತು. ನನ್ನ ತೂಗುಹಾಕಿದ ಕೈ ನೋಡಿ, "ನಿನಗೆ ಹೊಡೆಯಲೇಬೇಕು ಅಂದುಕೊಂಡಿದ್ದೆ. ನಿನ್ನಪ್ಪ ಆ ಕೆಲಸವನ್ನೂ ಮುಗಿಸಿಬಿಟ್ಟಿದ್ದಾರೆ," ಎಂದಳು. ಇಬ್ಬರಿಗೂ ನಗು ಬಂತು, ನನಗೆ ನಕ್ಕರೆ ಭುಜ ನೋಯುತ್ತಿತ್ತು. ಅವ್ವ ರೊಟ್ಟಿ ಬಡಿಸಿದಳು. ಅವಳು ಹಸಿದವಳಂತೆ ತಿಂದಳು.

"ಹೇಗಿತ್ತು?" ಎಂದು ಕೊನೆಗೂ ಕೇಳಿದೆ.

ಅವಳು ತುತ್ತು ನಿಲ್ಲಿಸಿ ಯೋಚಿಸಿದಳು. ಆಟಗಾರರ ಊಟದ ಕೋಣೆಯಲ್ಲಿ ಒಬ್ಬ ಕುಸ್ತಿಪಟು ಪಕ್ಕದಲ್ಲಿ ಕುಳಿತಿದ್ದನಂತೆ, ಕಿವಿಯೆಲ್ಲ ಜಜ್ಜಿಹೋದವನು. ಇವಳ ಕೈಯ ಗುಳ್ಳೆಗಳನ್ನು ನೋಡಿ ತನ್ನ ಅಂಗೈ ತೋರಿಸಿದನಂತೆ. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ.

"ಆ ವಾರ ನನ್ನ ರ‍್ಯಾಂಕಿಂಗ್ ಎಷ್ಟು ಎಂದು ಒಬ್ಬರೂ ಕೇಳಲಿಲ್ಲ ಕಣೇ," ಎಂದಳು. ಮತ್ತೆ ತಿನ್ನತೊಡಗಿದಳು.

ಹೋಗಬೇಕಿತ್ತು ಎಂದು ನನಗೆ ಆಗಲೂ ಅನ್ನಿಸಲಿಲ್ಲ. ಹೊಟ್ಟೆ ಮಾತ್ರ ಉರಿಯಿತು, ಚೆನ್ನಾಗಿ ಉರಿಯಿತು. ಎದ್ದು ಅಡುಗೆಮನೆಗೆ ಹೋಗಿ, ಎಡಗೈಯಲ್ಲಿ ಅವಳಿಗೆ ಇನ್ನೊಂದು ರೊಟ್ಟಿ ತಂದುಹಾಕಿದೆ.